ಕಟ್ಟೆಯ ಮೊದಲ ಲೋಟ

ಕೊಲ್ಹಾಪುರದ ನಮ್ಮ ಪೇಟೆಯಲ್ಲಿ ಬೆಳಗಾಗುವುದು ಎಮ್ಮೆಗಳೊಂದಿಗೆ. ನಮ್ಮ ಅಪ್ಪ, ಬಾಬಾ, ನಮ್ಮ ಎಮ್ಮೆಯನ್ನು ಹಾಲು ಮಾರುವ ಕಟ್ಟೆಗೆ ಹೊಡೆದುಕೊಂಡು ಹೋಗಿ, ಗಿರಾಕಿಯ ಕಣ್ಣೆದುರೇ ಲೋಟಕ್ಕೆ ಹಾಲು ಕರೆದುಕೊಡುತ್ತಾರೆ. ಮೊದಲ ಲೋಟ ನನ್ನ ಅಣ್ಣ ಹರ್ಷಲನಿಗೆ. ಅವನು ಪೇಟೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಾನೂ ಗೋಲ್‌ಕೀಪರ್, ಹೆಣ್ಣುಮಕ್ಕಳ ತಂಡಕ್ಕೆ. ನನಗೆ ಮನೆಯ ಚಹಾ.

"ಹುಡುಗೀರು ನೊರೆಹಾಲು ಕುಡದ್ರ ಮೀಸಿ ಬರ್ತಾವ" ಎನ್ನುತ್ತಾಳೆ ಆಜಿ. ಕಟ್ಟೆಯ ಬಳಿ ಹೆಂಗಸರು ನಿಲ್ಲುವುದೂ ಇಲ್ಲ.

ಹರ್ಷಲನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನ ಹಾಲಿಗೆ, ಅವನ ತಂಪುಹೊತ್ತಿನ ಪಂದ್ಯಕ್ಕೆ, ಕಿಕ್ಕಿರಿದ ಗ್ಯಾಲರಿಗೆ. ಎಲ್ಲಕ್ಕಿಂತ ಹೆಚ್ಚಾಗಿ ನಡುಮನೆಯ ಗೋಡೆಗೆ. ಪತ್ರಿಕೆಯಲ್ಲಿ ಬಂದ ಅವನ ಫೋಟೋಗಳನ್ನು ಬಾಬಾ ಅಲ್ಲಿ ಅಂಟಿಸುತ್ತಾರೆ. ಫೈನಲ್‌ನಲ್ಲಿ ಅವನ ಕಾಲ ಸಂದಿಯಿಂದ ಚೆಂಡು ನುಸುಳಿ ತಂಡ ಸೋತಿತು. ಮರುದಿನ ಅವನ ಕಣ್ಣೀರಿಗೆ ಕಾಲು ಪುಟ. ಅದೇ ವಾರ ನಾವು, ಗಂಡಸರಿಗೆ ಬೇಡವಾದ ಮಟಮಟ ಮಧ್ಯಾಹ್ನದಲ್ಲಿ ಆಡಿ, ರಾಜ್ಯದ ಕಪ್ ಗೆದ್ದೆವು. ಕೊನೆಯ ಪೆನಾಲ್ಟಿ ತಡೆದವಳು ನಾನು. ಸುದ್ದಿ ಎರಡು ಸಾಲು. ಅದರಲ್ಲಿ ಇದ್ದದ್ದು ಕಪ್ ಕೊಟ್ಟ ಕಾರ್ಪೊರೇಟರ್ ಹೆಸರು.

ನಾನು ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದಾಗ ಕಡೆಗೂ ಒಬ್ಬ ವರದಿಗಾರ ಮನೆಗೆ ಬಂದ. ಜೆರ್ಸಿ ತೊಟ್ಟು, ಗ್ಲೌಸ್ ಹಾಕಿಕೊಂಡು ಅಂಗಳದಲ್ಲಿ ನಿಂತೆ. ಗೋಡೆಯ ಮೇಲೆ ನನ್ನ ಜಾಗ ಯಾವುದೆಂದು ಆಗಲೇ ನೋಡಿಟ್ಟಿದ್ದೆ.

"ಇದನ್ನ ತಗದು ಸೀರಿ ಉಟ್ಕೊಂಡ್ ಬಾ, ತಂಗಿ" ಎಂದ ಅವನು. "ಒಲಿ ಮುಂದ ಕುಂತು ರೊಟ್ಟಿ ಬಡಿ. ಮಂದಿಗೆ ಅಂಥಾದ್ದ ಹಿಡಸ್ತೈತಿ."

"ರೊಟ್ಟಿ ನಮ್ಮ ಆಯಿ ಬಡೀತಾಳ್ರಿ. ನಾ ಚೆಂಡ ಹಿಡೀತೀನಿ."

"ಅಯ್ಯ, ಬಡದಂಗ ಮಾಡಿದ್ರ ಸಾಕು."

"ನಮ್ಮ ದಾದಾನ್ನ ಎಂದರ ಒಲಿ ಮುಂದ ಕುಂಡ್ರಿಸಿ ಫೋಟೋ ತಗದೀರೇನ್ರಿ?"

ಹರ್ಷಲ ಕಿಸಕ್ಕನೆ ನಕ್ಕ. ಆಜಿ ಮೂಗು ಮುರಿದಳು. "ಎಲ್ಲಾದಕ್ಕೂ ಅಣ್ಣನ ಜೋಡಿ ಪೈಪೋಟಿ! ಹೊಟ್ಟಿಕಿಚ್ಚಿನ ಹುಡುಗಿ."

"ಹೌದು ಆಜಿ. ಉರಿಯೂದ ಉರೀತೈತಿ. ಅದರ ಮ್ಯಾಲ ರೊಟ್ಟಿ ಬೇಯಿಸಂತೀರಿ."

ಬಾಬಾ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಒಂದ್ ಫೋಟೋ ಅಷ್ಟ ಮಗಳ. ಅವರು ಹೇಳಿದಂಗ ಕುಂಡ್ರು. ಗ್ವಾಡಿಗೆ ನಿಂದೂ ಹಚ್ಚತೀನಿ."

ಆ ಮಾತಿಗೆ ನನ್ನ ಕಾಲು ಒಲೆಯತ್ತ ಒಂದು ಹೆಜ್ಜೆ ಇಟ್ಟದ್ದು ನಿಜ. ಆ ಗೋಡೆಯನ್ನು ನಾನು ಅಷ್ಟು ಬಯಸಿದ್ದೆ. ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿ, ಆಯಿ, ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತಿದ್ದಳು. ಅವಳ ಫೋಟೋ ಯಾವ ಗೋಡೆಯ ಮೇಲೂ ಇರಲಿಲ್ಲ.

"ಮೈದಾನಕ್ಕ ಬಂದು ಆಡೂದನ್ನ ತಗೀರಿ" ಎಂದೆ. "ಇಲ್ಲಂದ್ರ ಬ್ಯಾಡ."

ಅವನು ಬರಿಗೈಯಲ್ಲಿ ಹೋಗಲಿಲ್ಲ. ಹರ್ಷಲನ ಕೈಗೆ ಹಾಲಿನ ಲೋಟ ಕೊಟ್ಟು ನಾಲ್ಕು ಫೋಟೋ ಹೊಡೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಕಟ್ಟೆಯ ತುಂಬ ಅದೇ ಪತ್ರಿಕೆ. ಅರ್ಧ ಪುಟ ಹರ್ಷಲ. ಕೆಳಗೆ, 'ತಂಗಿಯೂ ಆಡುತ್ತಾಳೆ.' ನಾನು ಜೆರ್ಸಿ ತೊಟ್ಟು, ಲೋಟ ಹಿಡಿದು, ಗಂಡಸರ ನಡುವೆ ಹೋಗಿ ನಿಂತೆ.

"ಏನ ಪೋರಿ, ದಾದಾಗ ಒಯ್ಯಾಕ ಬಂದಿ?" ಯಾರೋ ಕೇಳಿದರು.

"ನನಗ."

ಗೊಳ್ಳೆಂದು ನಕ್ಕರು. ಬಾಬಾ ತಲೆ ತಗ್ಗಿಸಿ ಗೊಣಗಿದರು: "ಆಜಿ ಹೇಳಿದ್ದು ಮರತ್ಯಾ? ಮೀಸಿ..."

"ಬರಲಿ ಬಾಬಾ. ಮೀಸಿ ಬಂದ ಮ್ಯಾಲರ ಫೋಟೋ ಹಾಕ್ತಾರೇನ ನೋಡೂಣು."

ಬಾಬಾ ಪತ್ರಿಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಚಾಚಿದ ಕೈ ಹಿಂದೆಗೆಯಲಿಲ್ಲ. ನನ್ನ ಲೋಟದಲ್ಲಿ ನೊರೆ ಏರತೊಡಗಿದಾಗ ಹರ್ಷಲ ಬಂದು ಎಂದಿನಂತೆ ಕೈ ಚಾಚಿದ. ಬಾಬಾ ತಲೆಯೆತ್ತದೆ ಅವನಿಗೆ ಹೇಳಿದರು:

"ಹಿಂದ ನಿಂದ್ರು."