ಒಣಕೋಣೆಯ ನೀರಿನ ಬೀಗ

ಆ ಬೀದಿಯ ಜನ ಮಾತಾಡುತ್ತಾ ಬಂದು, ಪಂಪ್‌ಹೌಸಿನ ಗೋಡೆ ಸಿಕ್ಕಿದ ಕೂಡಲೇ ಸುಮ್ಮನಾಗುತ್ತಿದ್ದರು. ಹತ್ತು ಹೆಜ್ಜೆ ಉಸಿರು ಬಿಗಿಹಿಡಿದು ನಡೆದು, ಗೋಡೆ ದಾಟಿದ ಮೇಲೆ ಮಾತನ್ನು ಬಿಟ್ಟಲ್ಲಿಂದಲೇ ಮತ್ತೆ ಹಿಡಿಯುತ್ತಿದ್ದರು. ಸುತ್ತಲಿನ ಮನೆಗಳ ಬಚ್ಚಲು, ಕಕ್ಕಸಿನ ನೀರೆಲ್ಲ ನೆಲದಡಿಯ ಒಳಚರಂಡಿಯಲ್ಲಿ ಹರಿದು ಬಂದು ಅಲ್ಲಿನ ಬಾವಿಗೆ ಬೀಳುತ್ತಿತ್ತು. ಪಂಪು ಅದನ್ನು ಎತ್ತಿ, ಶುದ್ಧ ಮಾಡುವ ಜಾಗಕ್ಕೆ ತಳ್ಳುತ್ತಿತ್ತು. ವಾಸನೆ ಮೊದಲೂ ಇತ್ತು, ಇಲ್ಲವೆಂದಲ್ಲ. ಆದರೆ ಈ ಸಲ ಅದು ಬೀದಿಯಲ್ಲಿ ನಿಲ್ಲದೆ ಇಸ್ತ್ರಿಯಕ್ಕನ ಮನೆಯೊಳಗೇ ಬಂದು ಕೂತಿತ್ತು.

ಇಸ್ತ್ರಿಯಕ್ಕನ ಕಸುಬು ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಕೊಡುವುದು. ಬೀದಿ ಕಡೆ ಅಂಗಡಿ, ನಡುವೆ ಒಣಕೋಣೆ, ಹಿಂದೆ ಒಗೆಯುವ ಕಲ್ಲು. ಒಣಕೋಣೆಯನ್ನು ಎರಡು ವರ್ಷದ ಹಿಂದೆ ಅವಳ ಅಣ್ಣನೇ ಕಟ್ಟಿಕೊಟ್ಟಿದ್ದ; ಅವನು ಗಾರೆ ಮೇಸ್ತ್ರಿ. ಎತ್ತರದ ಸೂರು, ಎದುರುಬದುರು ಕಿಟಕಿ, ಆರು ಸಾಲು ಹಗ್ಗ. ಅಲ್ಲಿ ಇಸ್ತ್ರಿಯಕ್ಕನದು ಒಂದೇ ಕಾನೂನು: ನೆಲದ ಮೇಲೆ ಒಂದು ಹನಿ ನೀರೂ ಬೀಳಬಾರದು. ಬಟ್ಟೆಯನ್ನು ಹೊರಗೇ ಯಂತ್ರದಲ್ಲಿ ಹಿಂಡಿ ತರಬೇಕು. ಅತ್ತೆ ಒಮ್ಮೆ ಕುಡಿಯುವ ನೀರಿನ ಲೋಟ ಹಿಡಿದು ಹೊಸಿಲು ದಾಟಿದ್ದಕ್ಕೆ ಮೂರು ದಿನ ಬೈಸಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಲಾಡ್ಜಿನ ಮ್ಯಾನೇಜರು ಬಟ್ಟೆಯ ಗಂಟು ಹೊತ್ತು ಬಂದ. ಕೊಳೆ ಬಟ್ಟೆಯಲ್ಲ, ಅವಳೇ ಮೊನ್ನೆ ಮಡಿಚಿ ಕಳಿಸಿದ್ದ ಹಾಸುಬಟ್ಟೆಗಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ರೂಮಿಗೆ ಬಂದವರು ಹಾಸಿಗೆ ಮೇಲೆ ಕೂತು ಕಕ್ಕಸು ಎಲ್ಲಿದೆ ಅಂತ ಹುಡುಕ್ತಾರೆ."

ಅವಳು ಒಂದನ್ನು ಬಿಡಿಸಿ ಮೂಗಿಗೆ ಹಿಡಿದಳು. ಮುಖ ಕಿವುಚಿತು.

"ಇನ್ನೊಂದ್ಸಲ ಒಗೆದು ಕೊಡ್ತೀನಿ."

"ಒಗೀರಿ. ಆದರೆ ಶನಿವಾರದ ಬಟ್ಟೆನೂ ಹೀಗೇ ಇದ್ರೆ ನಾನು ಬೇರೆಯವರಿಗೆ ಕೊಡಲೇಬೇಕಾಗುತ್ತೆ. ಮಾಲೀಕರು ಹೇಳಿಬಿಟ್ಟಿದ್ದಾರೆ."

ಅವಳ ಅರ್ಧ ಕೆಲಸ ಆ ಲಾಡ್ಜಿನದೇ. ಅದು ಕೈತಪ್ಪಿದರೆ ಆರು ಸಾಲು ಹಗ್ಗ ಬರಿದಾಗಿ ತೂಗಾಡಬೇಕು, ಅಷ್ಟೆ.

ಅತ್ತೆ ಕಾಲು ಚಾಚಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. "ನನ್ನ ಕೆಂಪು ಬಕೆಟ್ಟು ಕಳೆದುಹೋದಾಗಿಂದ ಈ ಮನೇಲಿ ಏನೋ ಎಡವಟ್ಟಾಗಿದೆ," ಎಂದರು.

"ಬಕೆಟ್ಟಿಗೂ ವಾಸನೆಗೂ ಏನತ್ತೆ ಸಂಬಂಧ?"

"ನಂಗೇನು ಗೊತ್ತು? ಎರಡೂ ಹದಿನೈದು ದಿನದಿಂದ."

ಇಸ್ತ್ರಿಯಕ್ಕ ಸೋಪು ಬದಲಾಯಿಸಿದಳು. ಬಿಸಿನೀರಲ್ಲಿ ನೆನೆಸಿದಳು. ಒಣಕೋಣೆಯ ಮೂಲೆಮೂಲೆಗೂ ಫಿನಾಯಿಲ್‌ನಲ್ಲಿ ಅದ್ದಿದ ಚಿಂದಿ ಇಟ್ಟಳು. ಈಗ ಬಟ್ಟೆಗೆ ಚರಂಡಿಯ ವಾಸನೆಯ ಜೊತೆಗೆ ಫಿನಾಯಿಲ್ ವಾಸನೆಯೂ ಹತ್ತಿತು. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಕುತೂಹಲ. ಕಲ್ಲಿನ ಮೇಲೆ ಒಗೆದಾಗ ಇಲ್ಲದ ವಾಸನೆ ಮಡಿಚುವಾಗ ಇರುತ್ತದೆ ಎಂದರೆ, ನಡುವೆ ಎಲ್ಲೋ ಹತ್ತುತ್ತಿದೆ. ಎಲ್ಲಿ?

ಒಂದೇ ನೀರಲ್ಲಿ ನಾಲ್ಕು ಕರವಸ್ತ್ರ ಒಗೆದಳು. ಒಂದು ಒಗೆಯುವ ಕಲ್ಲಿನ ಹತ್ತಿರ, ಒಂದು ಅಂಗಡಿಯಲ್ಲಿ, ಒಂದು ಒಣಕೋಣೆಯ ಮೇಲಿನ ಹಗ್ಗದಲ್ಲಿ, ಒಂದು ಅದೇ ಕೋಣೆಯಲ್ಲಿ ನೆಲಕ್ಕೆ ಗೇಣೆತ್ತರದಲ್ಲಿ. ಮಧ್ಯಾಹ್ನ ನಾಲ್ಕನ್ನೂ ತಂದು ಅತ್ತೆಯ ಮುಂದೆ ಕೂತಳು.

"ಕಣ್ಣು ಮುಚ್ಚಿ ಅತ್ತೆ. ಮೂಸಿ ಹೇಳಿ."

"ಎಪ್ಪತ್ತು ವರ್ಷ ಆದ ಮೇಲೆ ಇದೊಂದು ಪರೀಕ್ಷೆ ಬಾಕಿ ಇತ್ತು," ಎಂದು ಅತ್ತೆ ಕಣ್ಣು ಮುಚ್ಚಿದರು. ಮೊದಲನೆಯದು, "ಚೆನ್ನಾಗಿದೆ." ಎರಡನೆಯದು, "ಇದೂ ಪರವಾಗಿಲ್ಲ." ಮೂರನೆಯದಕ್ಕೆ ಹುಬ್ಬು ಗಂಟಾಯಿತು. ನಾಲ್ಕನೆಯದನ್ನು ಮೂಗಿನ ಹತ್ತಿರ ತರುತ್ತಲೇ, "ಥೂ! ಸೊಸೆಯಾಗಿ ನನ್ನ ಮೇಲೆ ಇಷ್ಟು ಹಗೆಯಾ?" ಎಂದು ಎಸೆದರು.

ನಾಲ್ಕನೆಯದು ನೆಲದ ಹತ್ತಿರದ್ದು.

ಅಷ್ಟರಲ್ಲಿ ಅಣ್ಣ ಬಂದ. ಗಾರೆ ಮೆತ್ತಿದ ಕೈಯಲ್ಲೇ ಪಂಪ್‌ಹೌಸಿನ ಕಡೆ ತೋರಿಸಿದ. "ಇದಕ್ಕೆಲ್ಲ ಕರವಸ್ತ್ರ ಯಾಕೆ? ಕಣ್ಣೆದುರಿಗೇ ಇದೆಯಲ್ಲ. ನಾಳೆ ಇಟ್ಟಿಗೆ ತರ್ತೀನಿ, ಆ ಕಡೆ ಕಿಟಕಿ ಮುಚ್ಚಿಬಿಡೋಣ."

"ಅಣ್ಣಾ, ವಾಸನೆ ಕಿಟಕಿಯಿಂದ ಬಂದಿದ್ರೆ ಮೇಲಿನ ಹಗ್ಗದ್ದು ಜಾಸ್ತಿ ನಾರಬೇಕಿತ್ತು. ನೆಲದ ಹತ್ತಿರದ್ದು ಯಾಕೆ ನಾರ್ತಿದೆ?"

"ನೀನು ಬಟ್ಟೆ ನೋಡ್ಕೋ, ಕಟ್ಟಡ ನಾನು ನೋಡ್ಕೋತೀನಿ."

ಅವಳು ನಾಲ್ಕನೆಯ ಕರವಸ್ತ್ರವನ್ನು ಮಡಿಚಿ ಸೆರಗಿಗೆ ಸಿಕ್ಕಿಸಿ ಎದ್ದಳು. "ಬಾ, ಅಲ್ಲೇ ಹೋಗಿ ಕೇಳೋಣ."

"ಅಲ್ಲಿ ಯಾರು ಹೇಳ್ತಾರೆ? ಬೈದು ಬರೋದಾದ್ರೆ ಬರ್ತೀನಿ," ಎನ್ನುತ್ತಲೇ ಅಣ್ಣ ಹಿಂದೆ ಬಂದ.

ಪಂಪ್ ನಡೆಸುವವಳು ಆರು ತಿಂಗಳ ಹಿಂದೆ ವರ್ಗವಾಗಿ ಬಂದವಳು. ಬೀದಿಯವರು ಅವಳಿಗೆ ಪಂಪಿನ ಮೇಡಂ ಎಂದು ಹೆಸರಿಟ್ಟಿದ್ದರೇ ಹೊರತು ಯಾರೂ ಮಾತಾಡಿಸಿರಲಿಲ್ಲ; ಆ ಗೇಟಿನ ಮುಂದೆ ಬಾಯಿ ತೆರೆದರೆ ತಾನೇ. ಅವಳು ಕರವಸ್ತ್ರ ಈಸಿಕೊಂಡು, ನಗದೆ, ಮೂಸಿದಳು.

"ಯಾವ ವಾಸನೆ ಅಂತೀರಿ ಅಕ್ಕಾ? ಮುಗ್ಗಲಾ, ಹಳಸಲಾ, ಕೊಳೆತ ಮೊಟ್ಟೆಯದಾ?"

ಇಸ್ತ್ರಿಯಕ್ಕನಿಗೆ ಖುಷಿಯಾಯಿತು. ವಾಸನೆಯ ಬಗ್ಗೆ ಇಷ್ಟು ವಿವರ ಕೇಳಿದವರು ಇವಳೊಬ್ಬಳೇ. "ಕೊಳೆತ ಮೊಟ್ಟೆ."

"ಹಾಗಾದ್ರೆ ಎಲ್ಲೋ ನೀರು ಹರೀದೆ ಬಹಳ ಹೊತ್ತು ನಿಂತಿದೆ. ಹರಿಯೋ ಕೊಳೆನೀರು ಇಷ್ಟು ನಾರಲ್ಲ. ಗಾಳಿ ಆಡದೆ ನಿಂತು ಕೊಳೆತಾಗಲೇ ಈ ಗ್ಯಾಸು ಹುಟ್ಟೋದು. ಎರಡು ವಾರದಿಂದ ನನಗೂ ಅನುಮಾನ. ಬನ್ನಿ, ಆದರೆ ಆ ಹಳದಿ ಗೆರೆ ದಾಟಬೇಡಿ."

ಮೊದಲು ಅವಳು ತೋರಿಸಿದ್ದು ಕೋಣೆಯಷ್ಟಗಲದ ಒಂದು ತೊಟ್ಟಿ, ತುಂಬ ಮರದ ತೊಗಟೆಯ ಚೂರು. "ಬಾವಿಯ ಕೆಟ್ಟ ಗಾಳಿಯನ್ನ ಫ್ಯಾನು ಎಳೆದು ಇದರ ಅಡಿಯಿಂದ ಬಿಡುತ್ತೆ. ಈ ತೊಗಟೆ ಮೇಲೆ ಕಣ್ಣಿಗೆ ಕಾಣದ ಜೀವಿಗಳಿವೆ. ನಾತ ಅಂದ್ರೆ ಅವಕ್ಕೆ ಊಟ. ತಿಂದು ಮುಗಿಸಿದ ಮೇಲೆ ಬರೀ ಗಾಳಿ ಮೇಲೆ ಬರುತ್ತೆ."

"ಕತೆ ಚೆನ್ನಾಗಿದೆ," ಎಂದ ಅಣ್ಣ. "ಹಾಗಾದ್ರೆ ಯಾಕೆ ನಾರ್ತಿದೆ?"

"ಕೈ ಹಾಕಿ ನೋಡಿ."

ಇಸ್ತ್ರಿಯಕ್ಕ ಒಂದು ಹಿಡಿ ಎತ್ತಿದಳು. ಚೂರುಗಳು ಗರಿಗರಿಯಾಗಿ ಬೆರಳ ಸಂದಿಯಿಂದ ಉದುರಿದವು. "ನನ್ನ ಒಣಕೋಣೆಯ ನೆಲದ ಹಾಗೇ ಇದೆ!"

"ಅದೇ ತೊಂದರೆ. ಇದು ಹಿಂಡಿದ ಬಟ್ಟೆಯಷ್ಟು ಒದ್ದೆ ಇರಬೇಕು. ನೀರು ಚಿಮುಕಿಸೋ ಕೊಳವೆಯ ತೂತು ಕಟ್ಟಿಕೊಂಡಿದ್ದು ನಿನ್ನೆ ಗೊತ್ತಾಯ್ತು. ನನ್ನದೇ ತಪ್ಪು, ದಿನಾ ಮುಟ್ಟಿ ನೋಡಬೇಕಿತ್ತು. ನೀರು ಬಿಟ್ಟರೂ ಆ ಜೀವಿಗಳು ಚೇತರಿಸಿಕೊಳ್ಳೋಕೆ ಒಂದೆರಡು ವಾರ ಬೇಕು."

ತಪ್ಪು ಒಪ್ಪಿಕೊಂಡ ಮೇಲೆ ಬೈಯುವುದು ಹೇಗೆ? ತಂದಿದ್ದ ಬೈಗುಳವನ್ನು ಅಣ್ಣ ನುಂಗಿಕೊಂಡ.

ಪಂಪಿನ ಮೇಡಂ ಬಾವಿಯ ಸಣ್ಣ ಮುಚ್ಚಳ ಸರಿಸಿ, ಕಬ್ಬಿಣದ ಜಾಲರಿಯ ಸಂದಿಯಿಂದ ಒಂದು ಸರಪಳಿ ಎಳೆಯತೊಡಗಿದಳು. ತುದಿಯಲ್ಲಿ ತೇಲುಗುಂಡು ಇತ್ತು. ನೀರು ಏರಿದಾಗ ಅದು ಮೇಲೆದ್ದರೆ ಪಂಪು ತಾನಾಗಿ ಶುರುವಾಗಬೇಕು. ನಾತ ಮುಖಕ್ಕೆ ಬಡಿಯಿತು. ಇಸ್ತ್ರಿಯಕ್ಕ ಗೆರೆಯ ಹಿಂದೆಯೇ ಮೂಗು ಮುಚ್ಚಿ ನಿಂತಳು. ಆದರೆ ಅಣ್ಣ ಕೆಲಸಗಾರ. ಬಾವಿ ಹೇಗೆ ಕಟ್ಟಿದ್ದಾರೆಂದು ನೋಡದಿದ್ದರೆ ಅವನಿಗೆ ತಡೆಯದು. ಗೆರೆ ದಾಟಿ, ಮುಚ್ಚಳದ ಬಾಯಿಗೆ ಬಗ್ಗಿದ.

"ಈಗ ಏನೂ ಇಲ್ಲ ಕಣೇ ತಂಗಿ. ಮೊದಲು ಹೊಡೀತು, ಈಗ ಹೋಯ್ತು. ಬಾ ನೋಡು."

ಮೇಡಂ ಎದೆಗೆ ಸಿಕ್ಕಿಸಿಕೊಂಡಿದ್ದ, ಗ್ಯಾಸು ಅಳೆಯುವ ಮೀಟರು ಕಿರುಚಿಕೊಂಡಿತು. ಅವಳು ಸರಪಳಿ ಬಿಟ್ಟು, ಅಣ್ಣನ ಅಂಗಿಯ ಬೆನ್ನು ಹಿಡಿದು ಎಳೆದುಕೊಂಡೇ ಗೆರೆಯಾಚೆಗೆ ಓಡಿದಳು. ಅವನು ಕೂತುಬಿಟ್ಟ.

"ಹೋಗಿದ್ದು ವಾಸನೆ ಅಲ್ಲ ಮೇಸ್ತ್ರಿ, ನಿಮ್ಮ ಮೂಗು! ಈ ಗ್ಯಾಸು ಜಾಸ್ತಿಯಾದ್ರೆ ಮೊದಲು ಮೂಗನ್ನೇ ಸಾಯಿಸುತ್ತೆ. ವಾಸನೆ ಇಲ್ಲ ಅಂತ ಇಳಿದವರು ಮೇಲೆ ಬಂದಿಲ್ಲ. ಅವರನ್ನ ಎತ್ತೋಕೆ ಇಳಿದವರೂ ಬಂದಿಲ್ಲ."

ಅಣ್ಣ ತಲೆ ಹಿಡಿದುಕೊಂಡು, "ನಾನು ಎಷ್ಟೋ ಚರಂಡಿ ಮುಚ್ಚಳ ಎತ್ತಿ ಬಗ್ಗಿ ನೋಡಿದೀನಿ," ಎಂದ ಮೆಲ್ಲಗೆ.

"ಇನ್ನು ನೋಡಬೇಡಿ."

ಫ್ಯಾನು ಜೋರಾಗಿ ತಿರುಗಿ, ಮೀಟರು ಸುಮ್ಮನಾದ ಮೇಲೆ ಮೇಡಂ ತೇಲುಗುಂಡನ್ನು ಹೊರತೆಗೆದಳು. ಅದು ಗುಂಡಾಗಿರಲಿಲ್ಲ. ಹೆಪ್ಪುಗಟ್ಟಿದ ಅಡುಗೆ ಎಣ್ಣೆ, ಅದರೊಳಗೆ ನಾರು, ಕೂದಲು, ಚಿಂದಿ ಸೇರಿ ದೊಡ್ಡ ಗಂಟಾಗಿತ್ತು. "ಭಾರಕ್ಕೆ ಏಳೋಕಾಗದೆ ಬಿದ್ದಿದೆ. ಪಂಪು ತಡವಾಗಿ ಶುರುವಾಗಿದೆ, ನೀರು ನಿಂತು ಕೊಳೆತಿದೆ."

ಇಸ್ತ್ರಿಯಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಗಂಟಿನ ತುಂಬ ನೀಲಿ ಎಳೆಗಳು. ಆ ನೀಲಿ ಅವಳಿಗೆ ಗೊತ್ತು. ಲಾಡ್ಜಿನ ಹಾಸುಬಟ್ಟೆಯ ಅಂಚು ಒಗೆದಾಗಲೆಲ್ಲ ಬಿಡುತ್ತಿದ್ದ ಎಳೆ ಅದು. ಹೇಳದಿದ್ದರೂ ನಡೆಯುತ್ತಿತ್ತು.

"ಎಣ್ಣೆ ಯಾರದೋ ಗೊತ್ತಿಲ್ಲ," ಎಂದಳು. "ಆ ದಾರ ನನ್ನದು ಮೇಡಂ."

ಪಂಪಿನ ಮೇಡಂ ಮೊದಲ ಸಲ ನಕ್ಕಳು. "ಒಗೆಯೋ ನೀರು ಹೋಗೋ ಬಾಯಿಗೆ ಒಂದು ಜಾಲರಿ ಹಾಕಿ, ಸಾಕು. ಈಗ ನಿಮ್ಮ ಮನೆ ತೋರಿಸಿ. ನನ್ನ ಕಡೆ ಸರಿಯಾದರೂ ಗ್ಯಾಸು ನಿಮ್ಮ ನೆಲಕ್ಕೆ ಹೇಗೆ ಬಂತು ಅಂತ ಗೊತ್ತಾಗಬೇಕಲ್ಲ."

ಒಣಕೋಣೆಯಲ್ಲಿ ಅವಳು ನೇರ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಅಲ್ಲಿ ಅಂಗೈಯಗಲದ ಒಂದು ಜಾಲರಿ. ನೆಲ ತೊಳೆದರೆ ನೀರು ಹೋಗಲಿ ಎಂದು ಅಣ್ಣನೇ ಇಟ್ಟದ್ದು. ಜಾಲರಿ ತೆಗೆದು ಟಾರ್ಚಿನ ಬೆಳಕು ಬಿಟ್ಟಳು.

"ಒಳಗೆ ಬಟ್ಟಲಿನ ಹಾಗೆ ಬಾಗಿದೆ ನೋಡಿ. ಅಲ್ಲಿ ಯಾವಾಗಲೂ ನೀರು ನಿಂತಿರಬೇಕು. ಅದು ನೀರಿನ ಬೀಗ. ಮೇಲಿನ ನೀರು ಕೆಳಗೆ ಹೋಗುತ್ತೆ, ಕೆಳಗಿನ ಗಾಳಿ ಮೇಲೆ ಬರಲ್ಲ."

"ನಾನು ಕಟ್ಟಿದ್ದರಲ್ಲಿ ತಪ್ಪಿಲ್ಲ," ಎಂದ ಅಣ್ಣ.

"ಎಳ್ಳಷ್ಟೂ ಇಲ್ಲ. ಬೀಗ ಸರಿಯಾಗೇ ಕಟ್ಟಿದೀರಿ. ನೀರು ಎಲ್ಲಿ?"

ಇಸ್ತ್ರಿಯಕ್ಕ ಬಗ್ಗಿ ನೋಡಿದಳು. ಬಟ್ಟಲು ಒಣಗಿ ಧೂಳು ಹಿಡಿದಿತ್ತು. ಎರಡು ವರ್ಷದಿಂದ ಈ ನೆಲಕ್ಕೆ ಒಂದು ಹನಿ ಬೀಳಲು ಅವಳು ಬಿಟ್ಟಿದ್ದರೆ ತಾನೇ!

ಬಾಗಿಲ ಹೊರಗೆ ನಿಂತಿದ್ದ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಂದ್ರೆ ನನ್ನ ಲೋಟದ ನೀರು ಚೆಲ್ಲಿದ್ರೆ ಮನೆ ಉಳೀತಿತ್ತು!"

"ನೀರು ತನ್ನಿ ಅತ್ತೆ."

"ಯಾತರಲ್ಲಿ ತರಲಿ? ಬಕೆಟ್ಟೇ ಇಲ್ಲವಲ್ಲ."

ಮೇಡಂ ಕಿಟಕಿಯಾಚೆ ನೋಡುತ್ತಿದ್ದಳು. ಬೀದಿ ಕೊನೆಯಲ್ಲಿ ಒಳಚರಂಡಿಯ ಗಾಳಿ ಮೇಲೆ ಹೋಗಲೆಂದು ನಿಲ್ಲಿಸಿದ ಎತ್ತರದ ಕೊಳವೆ ಇತ್ತು. ಅದರ ತುದಿಗೆ ಟೊಪ್ಪಿಗೆ ಹಾಕಿದಂತೆ ಕೆಂಪನೆಯದೇನೋ ಬೋರಲಾಗಿ ಕೂತಿತ್ತು.

"ಅಮ್ಮಾ, ನಿಮ್ಮ ಬಕೆಟ್ಟು ಕೆಂಪಾ?"

ಎಲ್ಲರೂ ಕಿಟಕಿಗೆ ಬಂದರು. ಅಣ್ಣನೊಬ್ಬ ನೆಲ ನೋಡುತ್ತಾ ನಿಂತ.

"ಬೀದಿಯ ವಾಸನೆ ಅದರಿಂದಲೇ ಬರ್ತಿದೆ ಅಂತ... ಒಂಚೂರು ಸಿಮೆಂಟು ಮೆತ್ತಿ ಮುಚ್ಚಿದೆ. ನಿನಗೆ ಒಳ್ಳೇದಾಗಲಿ ಅಂತ ಕಣೇ. ಹೇಳಿದ್ರೆ ನಿಮ್ಮತ್ತೆ ಬಕೆಟ್ಟು ಕೊಡ್ತಿರಲಿಲ್ಲ."

"ಹದಿನೈದು ದಿನ ಆಯ್ತಾ?" ಎಂದಳು ಇಸ್ತ್ರಿಯಕ್ಕ.

ಅವನು ತಲೆಯಾಡಿಸಿದ. ಪಂಪಿನ ಮೇಡಂ ನಿಧಾನವಾಗಿ ಬಿಡಿಸಿ ಹೇಳಿದಳು. ಬಾವಿ ತುಂಬಿದಾಗ ಒಳಚರಂಡಿಯೊಳಗಿನ ಗಾಳಿ ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. ಇಷ್ಟು ದಿನ ಆ ಎತ್ತರದ ಬಾಯಿಂದ ಹೋಗಿ ಬಯಲಲ್ಲಿ ಕರಗುತ್ತಿತ್ತು. ಆ ಬಾಯಿ ಮುಚ್ಚಿದ ಮೇಲೆ ಬೇರೆ ದಾರಿ ಹುಡುಕಿತು. ಎಲ್ಲರ ಬಚ್ಚಲಲ್ಲೂ ನೀರಿನ ಬೀಗ. ಇಲ್ಲೊಂದೇ ಬಾಗಿಲು ತೆರೆದಿತ್ತು.

"ಬಚ್ಚಲಲ್ಲಿ ಗುಳುಗುಳು ಅನ್ನೋ ಸದ್ದು ಬರ್ತಿತ್ತಾ?"

"ಬರ್ತಿತ್ತು! ಅತ್ತೆ ಹೊಟ್ಟೆ ಅಂದ್ಕೊಂಡಿದ್ದೆ," ಎಂದಳು ಇಸ್ತ್ರಿಯಕ್ಕ. ಈ ಸಲ ಅಣ್ಣನೂ ನಕ್ಕ.

ಆ ಸಂಜೆಗೇ ಏಣಿ ಹತ್ತಿ ಬಕೆಟ್ಟನ್ನು ಬಿಡಿಸಿ ತಂದವನೂ ಅವನೇ. ಅಂಚಿಗೆ ಸಿಮೆಂಟು ಕಚ್ಚಿಕೊಂಡಿದ್ದರೂ ಬಕೆಟ್ಟು ಸೋರುತ್ತಿರಲಿಲ್ಲ. ತುಂಬಿಸಿ, ಒಣಕೋಣೆಯ ಹೊಸಿಲಲ್ಲಿ ನಿಂತು ತಂಗಿಯ ಮುಖ ನೋಡಿದ.

"ಹಾಕು," ಎಂದಳು ಅವಳು.

ನೀರು ಜಾಲರಿಯೊಳಗೆ ಗಳಗಳನೆ ಇಳಿದು, ನಿಂತಿತು.

ಬಾಗಿಲು, ಕಿಟಕಿ ತೆರೆದಿಟ್ಟು, ಲಾಡ್ಜಿನ ಬಟ್ಟೆಯನ್ನು ಮತ್ತೆ ಒಗೆದು ಅಲ್ಲೇ ಹರವಿದಳು. ಶನಿವಾರ ಮ್ಯಾನೇಜರು ಒಂದು ಹಾಸುಬಟ್ಟೆ ಬಿಡಿಸಿ ಮೂಗಿಗೆ ಒತ್ತಿ ಹಿಡಿದ. ತುಂಬ ಹೊತ್ತು ಹಿಡಿದ.

"ಏನೂ ವಾಸನೆ ಇಲ್ಲವಲ್ಲ! ಏನು ಹಾಕಿದ್ರಿ ಅಕ್ಕಾ?"

"ನೀರು."

"ಬಟ್ಟೆಗಾ?"

"ನೆಲಕ್ಕೆ," ಎಂದಳು ಇಸ್ತ್ರಿಯಕ್ಕ.

ಅವನಿಗೆ ಅರ್ಥವಾಗಲಿಲ್ಲ; ಹೊಸ ಗಂಟು ಇಳಿಸಿ ಹೋದ. ಪಂಪ್‌ಹೌಸಿನ ತೊಗಟೆ ಒದ್ದೆಯಾಗಿ ಮತ್ತೆ ಕೆಲಸ ಹಿಡಿಯಲು ಇನ್ನೂ ಎರಡು ವಾರ ಹಿಡಿಯಿತು. ಈಗ ಜನ ಆ ಗೋಡೆ ದಾಟುವಾಗ ಮಾತು ನಿಲ್ಲಿಸುವುದಿಲ್ಲ. ಪಂಪಿನ ಮೇಡಂಗೂ ಒಂದು ನಮಸ್ಕಾರ ಬೀಳುತ್ತದೆ.

ಇದನ್ನು ಓದಿದವರು, ಪಕ್ಕದಲ್ಲಿ ಕೂತು ಕೇಳಿದವರು, ದಯವಿಟ್ಟು ಎದ್ದು ಒಮ್ಮೆ ಮನೆಯೆಲ್ಲ ಸುತ್ತಿ ಬನ್ನಿ. ಬಳಸದ ಬಚ್ಚಲು, ಬೀಗ ಹಾಕಿದ ಕೋಣೆ, ಮೂಲೆಯ ಮರೆತ ಜಾಲರಿ, ಎಲ್ಲಕ್ಕೂ ಇವತ್ತೇ ಒಂದು ಚೊಂಬು ನೀರು ಹಾಕಿ, ವಾರಕ್ಕೊಮ್ಮೆ ಮರೆಯದೆ ಹಾಕಿ. ಕರಿದ ಎಣ್ಣೆ, ಚಿಂದಿ, ನಾರು ಕಸದ ಬುಟ್ಟಿಗೆ ಹೋಗಲಿ, ಕೊಳವೆಗೆ ಬೇಡ. ಎತ್ತರದ ಗಾಳಿ ಕೊಳವೆಯ ಬಾಯಿ ಮುಚ್ಚಬೇಡಿ. ಚರಂಡಿಯ ಮುಚ್ಚಳವನ್ನಂತೂ ನೀವಾಗಿ ಎತ್ತಲೇಬೇಡಿ, ಬಗ್ಗಬೇಡಿ, ಇಳಿಯಬೇಡಿ, ಯಾರನ್ನೂ ಇಳಿಸಬೇಡಿ; ವಾಸನೆ ಇಲ್ಲವೆಂದು ಮೂಗು ಹೇಳಿದರೂ ನಂಬಬೇಡಿ. ನಾತ ಬಂದರೆ ಮೂಗು ಮುಚ್ಚಿ ಮುಂದೆ ಹೋಗದೆ, ಯಾವ ಹೊತ್ತಿಗೆ, ಎಲ್ಲಿ, ಎಂಥ ವಾಸನೆ ಎಂದು ಅಲ್ಲಿ ಕೆಲಸ ಮಾಡುವವರಿಗೆ ಹೋಗಿ ಹೇಳಿ. ಕೇಳುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ.