ಹರಿಯ ಪುಸ್ತಕಕ್ಕೆ ಅರ್ಥ ಹೇಳಿದ್ದು

ಗುರಮ್ಮನ ಕೈಯಲ್ಲಿ ರೊಟ್ಟಿ ಸೀದುಹೋಯಿತು. ಮದುವೆಯಾದಂದಿನಿಂದ ಶಾಂತಲಿಂಗಪ್ಪ ತನ್ನ ಅಡುಗೆಮನೆಯಿಂದ ಇಂಥ ವಾಸನೆ ಬಂದದ್ದನ್ನು ಕಂಡವನಲ್ಲ. ಒಳಗೆ ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿ ಕರ್ರಗಾಗಿ ಹೊಗೆಯಾಡುತ್ತಿತ್ತು. ಗುರಮ್ಮ ಹಿಟ್ಟು ಮೆತ್ತಿದ ಕೈಗಳನ್ನು ಮೇಲಕ್ಕೆತ್ತಿ, ಮೊಣಕೈಯಿಂದ ಹಾಳೆ ಒತ್ತಿಹಿಡಿದು ಪುಸ್ತಕ ಓದುತ್ತಿದ್ದಳು.

"ರೊಟ್ಟಿ," ಎಂದ.

"ಅಯ್ಯ ಶಿವನ!" ಎಂದು ಹಂಚು ಇಳಿಸಿದಳೇ ಹೊರತು ಅವಳ ಕಣ್ಣು ಹಾಳೆ ಬಿಡಲಿಲ್ಲ. "ಹರಿ ಮುಂಬಯಿ ಸ್ಟೇಷನ್ನಿನಾಗ ಉಪಾಸ ಮಲಗ್ಯಾನ್ರಿ, ಪಾಪ. ಗಿಟಾರ ಮಾರಿ ಬಂದಾನ."

"ಮಾರಿದ್ದು ಯಾತಕ್ಕ? ಊಟಕ್ಕೇನಲ್ಲ."

"ಅದನ್ನೂ ಬರದಾನ್ರಿ. ಒಂದೂ ಮುಚ್ಚಿಟ್ಟಿಲ್ಲ."

ಹರಿ ಆಳಂದದ ಹತ್ತಿರದ ಮಟಕಿ ಎಂಬ ಹಳ್ಳಿಯ ಕುಲಕರ್ಣಿಯವರ ಮನೆಯವನು, ಶಾಂತಲಿಂಗಪ್ಪನ ಬಾಲ್ಯದ ಗೆಳೆಯ. ಇಬ್ಬರೂ ಒಟ್ಟಿಗೆ ಗುಲಬರ್ಗಾದಲ್ಲಿ ಬಿ.ಎಸ್ಸಿ. ಸೇರಿದ್ದರು. ಎರಡನೆಯ ವರ್ಷಕ್ಕೆ ಹರಿ ಕಾಲೇಜಿಗೆ ಶರಣು ಹೊಡೆದು ಪುಣೆಗೆ ಓಡಿದ. ಅಲ್ಲಿ ಗಿಟಾರು, ಅಲ್ಲಿಂದ ಮುಂಬಯಿಯ ರಾಕ್ ಬ್ಯಾಂಡು, ಬ್ಯಾಂಡಿನ ಗೆಳೆಯರಿಂದ ಬ್ರೌನ್ ಶುಗರ್ ಎಂಬ ಕಂದು ಪುಡಿ, ಕಡೆಗೆ ಸೂಜಿ. ತಾಯಿ ತುಳಸಾಬಾಯಿ ಅವನನ್ನು ಆಸ್ಪತ್ರೆಯಿಂದ ಊರಿಗೆ ಕರೆತಂದಾಗ ಗೂಟಕ್ಕೆ ತೂಗುಹಾಕಿದ ಅಂಗಿಯಂತಿದ್ದ. ಆಮೇಲೆ ಕೆಲವು ವರ್ಷ ಮನೆಯಲ್ಲೇ ಕೂತು ತನ್ನ ಕಥೆ ಬರೆದ. ಹೋದ ಯುಗಾದಿಗೆ ಅದು ಅಚ್ಚಾಗಿ ಬಂತು: 'ಆರು ತಂತಿ, ಒಂದು ಸೂಜಿ'.

ಬರೆದದ್ದೇ ತಪ್ಪು ಎಂದು ಶಾಂತಲಿಂಗಪ್ಪ ಹೇಳುವಂತಿರಲಿಲ್ಲ. ಅವನ ಸಂಕಟ ಬೇರೆ. ಆಳಂದದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವನೂ ಒಂದು ಪುಸ್ತಕ ಬರೆದಿದ್ದ, ಹರಿಗಿಂತ ಎಷ್ಟೋ ಮೊದಲು, ಅದೇ ವಿಷಯದ ಮೇಲೆ. 'ಮಾದಕ ವಸ್ತುಗಳು ಮತ್ತು ಮಾನವ ಶರೀರ'. ಒಂದೊಂದು ವಾಕ್ಯವನ್ನೂ ಇಂಗ್ಲಿಷ್ ಗ್ರಂಥಗಳಲ್ಲಿ ತಾಳೆ ನೋಡಿ, ಮೆದುಳಿನ ಚಿತ್ರಗಳನ್ನು ತಾನೇ ಮಸಿಯಲ್ಲಿ ಬರೆದು, ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದ್ದ. ಹೆಚ್ಚುಕಡಿಮೆ ಪ್ರತಿಗಳೆಲ್ಲ ಮಂಚದ ಕೆಳಗೆ ಕಟ್ಟು ಬಿಚ್ಚದೆ ಬಿದ್ದಿದ್ದವು. ಉಚಿತವಾಗಿ ಪಡೆದವರೂ ಓದಿರಲಿಲ್ಲ. ಗುರಮ್ಮ "ಈ ಹಬ್ಬೊಂದು ಮುಗೀಲಿ, ಓದತೇನ್ರಿ" ಎನ್ನುತ್ತ ಎಷ್ಟೋ ಹಬ್ಬ ದಾಟಿಸಿದ್ದಳು. ಅವನು ಬಯಸಿದ್ದು ಹೆಚ್ಚೇನಲ್ಲ, ಮೊದಲಿಂದ ಕೊನೆಯವರೆಗೆ ಓದುವ ಒಬ್ಬನೇ ಒಬ್ಬ ಓದುಗ.

ಹರಿಯ ಪುಸ್ತಕಕ್ಕೋ, ಅಫಜಲಪುರದ ಲೈಬ್ರರಿಯಲ್ಲಿ ಹೆಸರು ಬರೆಸಿ ಕಾಯಬೇಕಂತೆ. ಜೇವರ್ಗಿಯಿಂದ ಗುರಮ್ಮನ ತಂಗಿ, ಓದಿ ಆದ ಕೂಡಲೇ ಕಳಿಸು ಎಂದು ಹೇಳಿಕಳಿಸಿದ್ದಳು. ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿಯ ಜಹೀರುದ್ದೀನ, ಶಾಂತಲಿಂಗಪ್ಪ ಹಾದುಹೋಗುವುದನ್ನೇ ಕಾಯುತ್ತಿದ್ದ.

"ಸರ್, ನಿಮ್ಮ ದೋಸ್ತ ಏನ್ ಬರದಾರ್ರಿ! ನಮ್ಮನಿಯಾಕಿ ಸುಲ್ತಾನಬಿ ಓದತಾಳ, ನಾ ಕೆಲಸ ಮಾಡಕೋತ ಕೇಳ್ತೇನಿ. ನಿನ್ನೆ ಎಂಥಾ ಜಾಗಾ ಬಂತಂದ್ರ, ಒಬ್ಬರ ರೇಡಿಯೋದ ಸ್ಪೀಕರ್ ಇನ್ನೊಬ್ಬರದಕ್ಕ ಹಚ್ಚಿಬಿಟ್ಟೇನ್ರಿ."

"ಚಲೋ ಆತು," ಎಂದ ಶಾಂತಲಿಂಗಪ್ಪ.

"ನೀವೂ ಒಂದು ಏನೋ ಬರದೀರಂತಲ್ರಿ?"

"ಹೌದು."

"ಅದರಾಗೂ ಹಾಡು ಗೀಡು ಅದಾವೇನ್ರಿ?"

ಮೆಚ್ಚದ ಓದುಗರೂ ಇರಬೇಕೆಂದು ಆಸೆಪಟ್ಟು ಅವನು ಮಟಕಿಯಲ್ಲಿ ತುಳಸಾಬಾಯಿಯ ಮನೆಗೆ ಹೋದ. ಮಗ ಮರ್ಯಾದೆ ಕಳೆದನೆಂದು ಆಕೆಯಾದರೂ ಉರಿಯುತ್ತಿರಬಹುದು. ಉರಿಯುತ್ತಲೇ ಇದ್ದಳು.

"ನೋಡೋ ತಮ್ಮಾ ಶಾಂತಲಿಂಗ, ನನ್ನ ಬಂಗಾರದ ಬಳಿ ಕದ್ದದ್ದು ಬರದಾನ, ಬರೀಲಿ. ಖರೇನ ಅದ. ಆದರ ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಬರಿಯೋದು ಏನಿತ್ತೋ? ಊರೆಲ್ಲಾ ಓದಾಕತ್ತಾದ!"

"ಉಳಿದದ್ದು ಹ್ಯಾಂಗ ಅನಿಸ್ತು, ಕಾಕು?"

"ಉಳಿದದ್ದು ಓದಬೇಕಂದ್ರ ಕಣ್ಣು ಕಾಣಬೇಕಲ್ಲ. ನೀರೇ ನಿಲ್ಲವಲ್ಲದು," ಎಂದು ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಸಂಜೆ ಶಾಂತಲಿಂಗಪ್ಪನ ಎದೆ ಉರಿಯಿತು. ಹೊಟ್ಟೆಯಲ್ಲಿ ಕಿಚ್ಚು ಹೊತ್ತುವುದಿಲ್ಲ, ಆಮ್ಲ ಹೆಚ್ಚಾಗುತ್ತದೆ ಅಷ್ಟೇ ಎಂದು ತನಗೆ ತಾನೇ ಪಾಠ ಹೇಳಿಕೊಂಡು ಅಡುಗೆ ಸೋಡಾ ಕದಡಿ ಕುಡಿದ. ತೇಗು ಬಂತು. ಉರಿ ಹೋಗಲಿಲ್ಲ. ಹರಿಯ ಪುಸ್ತಕವನ್ನು ಕೈಗೆತ್ತಿಕೊಂಡು ಪೆನ್ಸಿಲ್ ಹಿಡಿದು ತಪ್ಪು ಹುಡುಕತೊಡಗಿದ. ಒಂದು ಸಿಕ್ಕಿತು. ಅದರ ಕೆಳಗೆ ಎರಡು ಗೆರೆ ಎಳೆದ.

ಅಷ್ಟರಲ್ಲಿ ಮಟಕಿಯಿಂದ ಬೀರಣ್ಣ ಬಂದ. ಪ್ರತಿ ಶ್ರಾವಣದಲ್ಲೂ ಮಟಕಿಯ ಗುಡಿಯಲ್ಲಿ ಶರಣರ ಪುರಾಣ ನಡೆಯುತ್ತದೆ. ಪೀಠದ ಮೇಲೆ ಗ್ರಂಥವಿಟ್ಟು ಬೀರಣ್ಣ ಪದ್ಯ ಹಾಡುತ್ತಾನೆ, ಶಾಂತಲಿಂಗಪ್ಪ ಅರ್ಥ ಹೇಳುತ್ತಾನೆ. ಕಥೆಯಲ್ಲಿ ಶರಣ ಹುಟ್ಟಿದರೆ ಹೆಂಗಸರು ತೊಟ್ಟಿಲು ಕಟ್ಟಿ ತೂಗುತ್ತಾರೆ, ಮದುವೆಯಾದರೆ ಅಕ್ಷತೆ ಹಾಕುತ್ತಾರೆ. ಆ ಊರಿನಲ್ಲಿ ಪುರಾಣವೆಂದರೆ ಬರೀ ಕೇಳುವುದಲ್ಲ.

"ಮಾಸ್ತರ್ರೆ, ಈ ಸಲ ಪುರಾಣ ಮುಗದ ಮ್ಯಾಲ ಹರಿಯಪ್ಪನ ಪುಸ್ತಕ ಹಚ್ಚಬೇಕಂತ ಊರಾಗ ಮಾತಾಗ್ಯಾದ್ರಿ. ಓದಾಕ ಬರದವರು ಭಾಳ ಮಂದಿ ಅದಾರ. ನಾ ಹಾಡತೇನಿ, ಅರ್ಥ ನೀವ ಹೇಳಬೇಕು."

"ಅದು ಗದ್ಯ ಅದ. ಹ್ಯಾಂಗ ಹಾಡತೀ?"

"ನಾ ರೇಷನ್ ಕಾರ್ಡ ಕೊಟ್ರೂ ಹಾಡತೇನ್ರಿ."

ಶಾಂತಲಿಂಗಪ್ಪ ಒಪ್ಪಿಕೊಂಡ. ಒಪ್ಪಿದ್ದು ಹರಿಗಾಗಿ ಅಲ್ಲ. ಊರೆಲ್ಲ ಕೂತ ಸಭೆಯಲ್ಲಿ, ಹರಿಯ ಎದುರಿಗೇ, ಆ ತಪ್ಪನ್ನು ಎತ್ತಿ ತೋರಿಸುವುದು. ಸರಿ ಯಾವುದೆಂದು ಹೇಳಿ ತನ್ನ ಪುಸ್ತಕ ಹೊರತೆಗೆಯುವುದು. ಹೋಗುವಾಗ ಒಂದು ಕೈಚೀಲದ ತುಂಬ ಪ್ರತಿಗಳನ್ನು ತುಂಬಿಕೊಂಡ.

ಗುಡಿಯ ಅಂಗಳ ಕಿಕ್ಕಿರಿದಿತ್ತು. ಹರಿ ಕಂಬಕ್ಕೆ ಒರಗಿ ತಾಯಿಯ ಪಕ್ಕ ಕೂತಿದ್ದ. ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ. ಬೀರಣ್ಣ ಗಂಟಲು ಸರಿಮಾಡಿಕೊಂಡು, ಮುಂಬಯಿ ಸ್ಟೇಷನ್ನಿನ ಪ್ಲಾಟ್‌ಫಾರ್ಮನ್ನು ಶರಣರ ಕೈಲಾಸಯಾತ್ರೆಯ ಧಾಟಿಯಲ್ಲಿ ಎತ್ತಿದ. ಗಿಟಾರು ಮಾರಿದ್ದು ಬಂತು, ಹಸಿವು ಬಂತು. ಆಗ ಹೆಂಗಸರ ಕಡೆ ಗುಜುಗುಜು ಎದ್ದಿತು. ನೋಡನೋಡುತ್ತ ಐದಾರು ಮಂದಿ ಬುತ್ತಿ ಹಿಡಿದು ಬಂದು ಹರಿಯ ಮುಂದೆ ಇಟ್ಟರು. ಅವರಲ್ಲಿ ಗುರಮ್ಮನೂ ಇದ್ದಳು. ಅವಳ ತಾಟಿನಲ್ಲಿ ಶೇಂಗಾ ಹೋಳಿಗೆ.

ಹೋದ ವಾರ ಶಾಂತಲಿಂಗಪ್ಪ ಹೋಳಿಗೆ ಕೇಳಿದಾಗ ಮನೆಯಲ್ಲಿ ಶೇಂಗಾ ಇಲ್ಲ ಎಂದಿದ್ದಳು.

ಹರಿ ನಾಚಿಕೊಂಡ. "ವೈನಿ, ಅದು ಎಷ್ಟೋ ವರ್ಷದ ಹಿಂದಿನ ಹಸಿವು."

"ಹಸಿವಿಗಿ ಹಳೇದು ಹೊಸಾದು ಅಂತ ಇರತದೇನೋ? ಸುಮ್ಮ ತಿನ್ನು," ಎಂದಳು ಗುರಮ್ಮ.

ತುಳಸಾಬಾಯಿ ಒಂದೊಂದು ತಾಟಿನ ಪಲ್ಯಕ್ಕೂ ಬೆರಳು ಹಚ್ಚಿ ಉಪ್ಪು ನೋಡಿದಳು.

ಬೀರಣ್ಣ ಮುಂದುವರಿಸಿದ. ಶಾಂತಲಿಂಗಪ್ಪ ಕಾಯುತ್ತಿದ್ದ ಸಾಲು ಬಂತು: 'ಮದ್ದು ಬಿಟ್ಟ ಮೇಲೆ ನನ್ನ ಎಲುಬಿನ ಮಜ್ಜೆಯೊಳಗೆ ಯಾರೋ ಕೂತು ತಂತಿ ಬಿಗಿಯುತ್ತಿದ್ದರು.' ಬೀರಣ್ಣ ಅದನ್ನು ಮೂರು ಸಲ ಎಳೆದೆಳೆದು ಹಾಡಿ, ನಿಲ್ಲಿಸಿ, ಅರ್ಥಕ್ಕಾಗಿ ಈ ಕಡೆ ನೋಡಿದ.

"ಇಲ್ಲಿ ಬರದವರು ತಪ್ಪು ಬರದಾರ," ಎಂದ ಶಾಂತಲಿಂಗಪ್ಪ, ಅಂಗಳದ ಕಟ್ಟಕಡೆಯವರಿಗೂ ಕೇಳುವ ಹಾಗೆ. "ಮಜ್ಜಿಯೊಳಗ ಚಟ ಇರೋದಿಲ್ಲ. ಅಲ್ಲಿ ರಕ್ತ ಹುಟ್ಟತದ, ಅಷ್ಟ."

ಸಭೆ ಬೆಚ್ಚಿಬೀಳುತ್ತದೆ ಎಂದುಕೊಂಡಿದ್ದ. ಬೀಳಲಿಲ್ಲ. ಎಲ್ಲರೂ ಮುಗುಳ್ನಗುತ್ತ ಇನ್ನಷ್ಟು ಮುಂದೆ ಸರಿದು ಕೂತರು. ಪುರಾಣದಲ್ಲಿ ಅರ್ಥ ಹೇಳುವವನು ಮೊದಲು ಒಂದು ಸಂಶಯ ಎತ್ತುವುದು, ಆಮೇಲೆ ತಾನೇ ಅದನ್ನು ಬಿಡಿಸುವುದು ವಾಡಿಕೆ. ಪೀಠದ ಮೇಲಿನ ಗ್ರಂಥವೇ ತಪ್ಪು ಎಂದು ಯಾರಾದರೂ ನಿಜವಾಗಿ ಹೇಳಿಯಾರೆಂದು ಮಟಕಿಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ಇವತ್ತು ಮಾಸ್ತರರು ಸಂಶಯ ಜೋರಾಗಿಯೇ ಎತ್ತಿದ್ದಾರೆ, ಹೇಗೆ ಬಿಡಿಸುತ್ತಾರೋ ನೋಡೋಣ ಎಂದು ಕಾದರು.

ಅವನು ಬಿಡಿಸಿದ. ಬೇರೆ ದಾರಿ ಇರಲಿಲ್ಲ. ತನ್ನ ಪುಸ್ತಕದ ಮೂರನೆಯ ಅಧ್ಯಾಯ ಬಾಯಿಪಾಠವಿತ್ತು. ಆದರೆ ಎದುರಿಗಿದ್ದ ಮುಖಗಳನ್ನು ನೋಡಿದಾಗ ನರಗ್ರಾಹಕ, ನರಕೋಶ ಎಂಬ ಮಾತುಗಳು ಬಾಯಿಗೆ ಬರಲಿಲ್ಲ.

"ಮನಿಯೊಳಗ ಒಂದು ಬಾವಿ ಅದ ಅಂತ ತಿಳೀರಿ. ನೋವು ಕಳಿಯೋ ನೀರು ಅದರಾಗ ತಾನ ಊರತಿರತದ. ಎಲ್ಲಾರ ಮೆದುಳಿನಾಗೂ ಆ ಬಾವಿ ಅದ. ಒಬ್ಬಾಂವ ದಿನಾ ಬಂದು ಬಾಗಲದಾಗ ಕೊಡಗಟ್ಲೆ ನೀರು ಸುರದು ಹೋಗಾಕತ್ತಿದ. ಮನಿಯವರು ಬಾವಿ ಸೇದೋದು ಬಿಟ್ರು. ಸೆಲಿ ಮುಚ್ಚಿತು. ಒಂದಿನ ನೀರು ತರಾಂವ ಬರಲಿಲ್ಲ. ಆಗ ಮನಿಯಾಗ ಹನಿ ನೀರಿಲ್ಲ. ಮೈಯೆಲ್ಲಾ ಬಾಯಿ ಬಿಡತದ. ಎಲುಬು ನೋಯತಾವ, ತೊಗಲು ನೋಯತದ, ಮೈಗೆ ಗಾಳಿ ತಾಗಿದರೂ ನೋವು. ಸೆಲಿ ಮತ್ತ ಒಡೀತದ. ಆದರ ಟೈಮ್ ಹಿಡೀತದ. ಅಷ್ಟು ದಿನ ತಡಕೊಂಡಾಂವ ಬದುಕತಾನ."

ಅಂಗಳದಲ್ಲಿ ಒಂದು ಕೆಮ್ಮೂ ಇಲ್ಲ. ಅವನ ಜೀವಮಾನದಲ್ಲಿ ಯಾವ ತರಗತಿಯೂ ಅವನನ್ನು ಹೀಗೆ ಕೇಳಿರಲಿಲ್ಲ. ನಂತರ ಎಲ್ಲಿಂದಲೋ ಒಂದು ದನಿ ಬಂತು: "ಅಬ್ಬಬ್ಬಾ! ಹರಿಯಪ್ಪ ಒಂದು ಸಾಲಿನಾಗ ಎಷ್ಟು ತುಂಬ್ಯಾನೋ!" ಅದಕ್ಕೆ ಇಡೀ ಸಭೆ ಹೌದು ಹೌದೆಂದು ತಲೆದೂಗಿತು.

ಶಾಂತಲಿಂಗಪ್ಪನ ಕೈ ಚೀಲಕ್ಕೆ ಹೋಯಿತು. "ಈ ವಿಷಯ ನಾನು ನನ್ನ ಪುಸ್ತಕದಾಗ..." ಎಂದು ಒಂದು ಪ್ರತಿ ಹೊರತೆಗೆಯಹೋದ.

ಬೀರಣ್ಣ ಅವನ ಮೊಣಕೈ ಮುಟ್ಟಿ ಮೆಲ್ಲಗೆ ಅಂದ: "ಮಾಸ್ತರ್ರೆ, ಒಂದು ಪುಸ್ತಕ ನಡದಾಗ ಇನ್ನೊಂದು ತಗೀಬಾರದ್ರಿ. ನೀವ ನಮಗ ಕಲಿಸಿದ್ದು."

ನಿಜ. ವರ್ಷಗಳ ಹಿಂದೆ ಅವನೇ ಹಾಕಿದ್ದ ಕಟ್ಟಳೆ.

ಮಂಗಳಾರತಿಯಾದ ಮೇಲೆ ಹರಿ ಅವನನ್ನು ಹುಡುಕಿಕೊಂಡು ಗುಡಿಯ ಹಿಂದಿನ ಕಟ್ಟೆಗೆ ಬಂದ.

"ಲೇ ಶಾಂತ್ಯಾ, ಆ ಬಾವಿ ಮಾತು ಹೇಳಿದಿ ನೋಡು, ದವಾಖಾನ್ಯಾಗ ನನಗ ಯಾರೂ ಅದನ್ನ ಹೇಳಲಿಲ್ಲೋ. ನಾನ ಕೆಟ್ಟಾಂವ, ಅದಕ್ಕ ಹಿಂಗ ಆಗಾಕತ್ತಾದ ಅಂತ ತಿಳಕೊಂಡಿದ್ದೆ. ನೀ ಒಂದು ಪುಸ್ತಕ ಬರದೀಯಂತ, ಅವ್ವ ಅಂದಳು. ನನಗೊಂದು ಕೊಡು. ಪೂರಾ ಓದಬೇಕು."

ಪೂರಾ ಓದಬೇಕು. ಈ ಎರಡು ಮಾತಿಗಾಗಿ ಶಾಂತಲಿಂಗಪ್ಪ ಎಷ್ಟು ವರ್ಷದಿಂದ ಕಾದಿದ್ದ! ಆದರೆ ಬಂದದ್ದು ಈ ಬಾಯಿಯಿಂದ. ಹರಿ ಓದುತ್ತಾನೆ, ಮೆಚ್ಚುತ್ತಾನೆ, ಊರಿಗೆಲ್ಲ ಹೇಳುತ್ತಾನೆ. ಹರಿಯಪ್ಪ ಮೆಚ್ಚಿದ ಪುಸ್ತಕವಂತೆ ಎಂದು ಜನ ಕೈಚಾಚುತ್ತಾರೆ. ತನ್ನ ದುಡಿಮೆ ಇವನ ಕೈಯ ಪ್ರಸಾದವಾಗುತ್ತದೆ.

"ಇಲ್ಲೋ," ಎಂದ. "ಒಂದೂ ಉಳದಿಲ್ಲ. ಎಲ್ಲಾ ಖರ್ಚಾದವು." ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದ.

"ಎಲ್ಲಾ?"

"ಎಲ್ಲಾ."

ಹರಿ ಒಣನಗೆ ನಕ್ಕ. "ನನ್ನವು ಅರ್ಧಕ್ಕರ್ಧ ಅಂಗಡ್ಯಾಂವ ಹೊಳ್ಳಿ ಕಳಿಸ್ಯಾನ, ಗೊತ್ತೇನು? ಒಂದು ಪ್ರತಿ ಹತ್ತು ಮನಿ ತಿರಗತದ. ಅಳತಾರ, ಮತ್ತ ಬಾಜೂ ಮನಿಗಿ ಕೊಡತಾರ. ಖರೇ ಹೇಳಬೇಕಂದ್ರ ನನಗ ಹೊಟ್ಟಿ ಉರೀತದಲೇ. ಕಾಲೇಜಿನಾಗೂ ಹಿಂಗ. ನೀ ಕುಂತಲ್ಲೇ ಕುಂತು ತಿಳಕೋತಿದ್ದಿ. ನಾ ಮೈ ತುಂಬ ತೂತು ಮಾಡಿಕೊಂಡು ಬಂದರೂ ತಿಳೀಲಿಲ್ಲ."

ಒಂದು ಕ್ಷಣ ಶಾಂತಲಿಂಗಪ್ಪನಿಗೆ ಸಕ್ಕರೆ ತಿಂದಂತಾಯಿತು. ಹರಿಗೆ ತನ್ನ ಮೇಲೆ ಹೊಟ್ಟೆಕಿಚ್ಚು! ಮರುಕ್ಷಣವೇ ಲೆಕ್ಕ ತಿಳಿಯಿತು. ಹರಿ ಉರಿಯುತ್ತಿರುವುದು ಶಾಂತಲಿಂಗಪ್ಪನ ಪುಸ್ತಕಕ್ಕೆ ಎಂದೂ ಆಗದ ಮಾರಾಟದ ಮೇಲೆ. ಈ ಸುಳ್ಳು ಆಡಿದ ಮೇಲೆ ಒಂದು ಪ್ರತಿಯನ್ನೂ ಇನ್ನು ಹರಿಗೆ ಕೊಡುವಂತಿಲ್ಲ. ಮಟಕಿಯಲ್ಲಿ ಬೇರೆ ಯಾರಿಗೂ ಕೊಡುವಂತಿಲ್ಲ, ಹತ್ತು ಮನೆ ತಿರುಗಿ ಅದು ಹರಿಯ ಮನೆ ಮುಟ್ಟದೆ ಇರುವುದಿಲ್ಲ.

ಬಸ್ಸಿನಲ್ಲಿ ಗುರಮ್ಮ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಏನ್ರಿ ಇದು, ಇಷ್ಟು ಭಾರ?" ಎಂದಳು.

"ಪುಸ್ತಕ."

"ಯಾವು?"

"ಹಳೇವು."

ಅವಳು ಮತ್ತೆ ಕೇಳಲಿಲ್ಲ. "ಬಾವಿ ಮಾತು ಮನಸ್ಸಿಗಿ ಹತ್ತಿತು ನೋಡ್ರಿ. ಹರಿ ಎಂಥಾ ಸಂಕಟ ಪಟ್ಟಾನ," ಎಂದು ಕಿಟಕಿಯ ಕಡೆ ತಿರುಗಿದಳು.

ನಾಳೆ ಮುಂದಿನ ಭಾಗಕ್ಕೆ ಅರ್ಥ ಹೇಳಲು ಹೋಗಬಾರದು ಎಂದು ಅವನು ಅಂದುಕೊಂಡ. ಮಾರನೆಯ ದಿನ ಕಾಲೇಜಿನಲ್ಲಿ ಪಾಠ ಮಾಡುವಾಗ ಹಿಂದಿನ ಸಾಲು ನಿದ್ದೆ ಹೋಗಿತ್ತು, ಮುಂದಿನ ಸಾಲು ಗಡಿಯಾರ ನೋಡುತ್ತಿತ್ತು. ಮಟಕಿಯ ಅಂಗಳದ ಆ ಮೌನ ನೆನಪಾಯಿತು. ಸಂಜೆಯ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿ ಕೂತವನು ಅವನೇ.

ಬೀರಣ್ಣ ಮುಂದಿನ ಭಾಗ ಹಾಡಿದ. ಊರಿಗೆ ಮರಳಿದ ಹರಿಗೆ ಗಿಟಾರಿನ ಒಂದು ಚಿತ್ರ ಕಂಡರೂ ಬೆವರು ಕಿತ್ತುಬರುತ್ತಿತ್ತು, ಮತ್ತೆ ಪುಡಿ ಬೇಕೆನಿಸುತ್ತಿತ್ತು. ಏಕೆಂದು ಹರಿ ಬರೆದಿರಲಿಲ್ಲ. ಬರೆಯಲು ಅವನಿಗೆ ಗೊತ್ತಿರಲೂ ಇಲ್ಲ. ಶಾಂತಲಿಂಗಪ್ಪನ ನಾಲ್ಕನೆಯ ಅಧ್ಯಾಯದಲ್ಲಿ ಅದಕ್ಕೆ ಉತ್ತರವಿತ್ತು, ಚಿತ್ರಸಮೇತ.

"ಇಲ್ಲಿ ಹರಿಯಪ್ಪನವರು ಏನ್ ಹೇಳಾಕತ್ತಾರ ಅಂದ್ರ," ಎಂದು ಶುರು ಮಾಡಿದ. ಆಮೇಲೆ ಮಾತು ಮಾತಿಗೂ ತನ್ನ ಅಧ್ಯಾಯವನ್ನೇ ಬಿಚ್ಚುತ್ತ ಹೋದ. ಕಂಬದ ಬಳಿ ಹರಿ ಬಾಯಿ ತೆರೆದು ಕೇಳುತ್ತಿದ್ದ. ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಗುರಮ್ಮ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಅಂದಳು:

"ಎಷ್ಟು ತಿಳದು ಬರದಾನ ನೋಡ ಬೇ ಹರಿ."

ಶಾಂತಲಿಂಗಪ್ಪನಿಗೆ ಕೇಳಿಸಿತು. ಹೊಟ್ಟೆಯ ಉರಿ ಎದೆಯವರೆಗೆ ಏರಿಬಂತು. ಅವನು ದನಿ ಇನ್ನಷ್ಟು ಎತ್ತರಿಸಿ ಮುಂದಿನ ಪ್ಯಾರಾಕ್ಕೆ ಹೋದ.