ಸಾಲ್ವು ಅವರೇ, ಹುಷಾರಾಗಿದೀರಾ?

ಕೋಟಿನ ತೋಳಿಗೆ ಕೈ ತೂರಿಸುವಾಗ ಅಪ್ಪ ಸಾಲ್ವು ಮುಷ್ಟಿ ಬಿಚ್ಚಲೇ ಇಲ್ಲ. ಡೋರಿಸ್ ಬಲವಂತ ಮಾಡದೆ ಹಾಗೇ ತೂರಿಸಿದಳು. ಕೊರೊನಾ ಕಾಲ; ಅಮ್ಮ ಚೆನ್ಸಾಳ ಅಂತ್ಯಕ್ರಿಯೆಗೆ ಇಗರ್ಜಿಯೊಳಗೆ ಹತ್ತು ಜನರಿಗಷ್ಟೇ ಅವಕಾಶ. ಚೆನ್ಸಾಳ ತಂಗಿ ಫೀನಾ ತನ್ನ ಗಂಡನನ್ನು ಕಾರಿನಲ್ಲೇ ಕೂರಿಸಿ ಬಂದಿದ್ದಳು.

ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಹಾಡುವಂತಿರಲಿಲ್ಲ. ಮಾಸ್ಕಿನ ಹಿಂದೆ ಯಾರು ಅಳುತ್ತಿದ್ದಾರೆಂದೂ ತಿಳಿಯುತ್ತಿರಲಿಲ್ಲ.

"ಯಾರು ಹೋಗಿದ್ದು?" ಎಂದು ಸಾಲ್ವು ಮಗಳನ್ನು ಕೇಳಿದ.

"ಅಮ್ಮ, ಅಪ್ಪಾ."

"ಅವಳು ಅಡುಗೆಮನೇಲಿದಾಳಲ್ಲ."

ಫೀನಾ ಶಿಲುಬೆಯ ಗುರುತು ಹಾಕಿಕೊಂಡಳು. ಅಕ್ಕ ರಾತ್ರಿಯಿಡೀ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳೆಂದು ಡಾಕ್ಟರು ಹೇಳಿದ್ದರು. ಸಹಾಯಕ್ಕೆ ಕರೆಯುವ ಗುಂಡಿ ಕೊರಳಲ್ಲೇ ಇತ್ತು. ಯಾಕೆ ಒತ್ತಲಿಲ್ಲ? "ಹಠಮಾರಿ," ಎಂದಳು ಫೀನಾ. "ಚಿಕ್ಕಂದಿನಿಂದ್ಲೂ ಯಾರನ್ನೂ ಏನೂ ಕೇಳ್ದೋಳಲ್ಲ."

*

ಮಾಲ್ಟಾದಿಂದ ಹಡಗಿನಲ್ಲಿ ಬಂದಿಳಿದ ಚೆನ್ಸಾ ಮೆಲ್ಬರ್ನಿನ ಕಾರು ಕಾರ್ಖಾನೆಯಲ್ಲಿ ಸೀಟುಗಳನ್ನು ಹೊಲಿದೇ ಮುದುಕಿಯಾಗಿದ್ದಳು. ಸಾಲ್ವುಗೆ ಮರೆವು ಹತ್ತಿದ ಮೇಲೆ ಅವನ ಸ್ನಾನ, ಊಟ, ಗಡ್ಡ ಎಲ್ಲವೂ ಅವಳದೇ. ಆ ಚಳಿಗಾಲ ಊರಿಗೆ ಬೀಗ ಬಿತ್ತು. ಓಡಾಟಕ್ಕಿದ್ದ ಐದು ಕಿಲೋಮೀಟರಿನ ಮಿತಿಯಾಚೆ ಇದ್ದ ಡೋರಿಸ್ ಬರುವಂತಿರಲಿಲ್ಲ. ಚೆನ್ಸಾಳ ಸೊಂಟದ ಆಪರೇಷನ್ನೂ ಮುಂದಕ್ಕೆ ಹೋಯಿತು. ಮೇಜು, ಗೋಡೆ ಹಿಡಿದು ನಡೆಯುತ್ತಿದ್ದವಳು ಅದನ್ನು ಯಾರಿಗೂ ಹೇಳಲಿಲ್ಲ.

ವೃದ್ಧರಿಗೆ ನೆರವು ಕೊಡುವ ಕಚೇರಿಯವರು ಫೋನಿನಲ್ಲೇ ವಿಚಾರಿಸಿದರು: ಮನೆಯಲ್ಲಿ ಯಾರಿಗೆ ಸಹಾಯ ಬೇಕು? ಅದೇ ಲೈನಿನಲ್ಲಿದ್ದ ಡೋರಿಸ್, ಅಮ್ಮ ತನ್ನ ಸೊಂಟದ ಮಾತೆತ್ತಬಹುದೆಂದು ಕಾದಳು.

"ನನಗೇನಾಗಿದೆ? ಎಲ್ಲಾ ನನ್ನ ಗಂಡನಿಗೆ," ಎಂದಳು ಚೆನ್ಸಾ.

ಹಾಗಾಗಿ ಯಂತ್ರ ಸಾಲ್ವುವಿನ ಹೆಸರಿಗೆ ಬಂತು: ಕೊರಳಿಗೆ ಒಂದು ಗುಂಡಿ, ಅಡುಗೆಮನೆಗೆ ಒಂದು ಪೆಟ್ಟಿಗೆ. ಗುಂಡಿ ಒತ್ತಿದರೆ ಎಲ್ಲೋ ಕುಳಿತ ಹುಡುಗಿ ಪೆಟ್ಟಿಗೆಯಿಂದ ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದಳು. ಸಾಲ್ವು ಗುಂಡಿಯನ್ನು ಕಿತ್ತು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ. ಕೊನೆಗೆ ಚೆನ್ಸಾ ತಾನೇ ಅದನ್ನು ಕೊರಳಿಗೆ ಹಾಕಿಕೊಂಡಳು.

*

ಮಣ್ಣು ಮುಗಿಸಿ ಬಂದ ಮೇಲೆ ಫೀನಾ ಅಕ್ಕನ ಅಡುಗೆಮನೆಯಲ್ಲಿ ಕಾಫಿ ಕಾಯಿಸಿ, ಅಂಗಡಿಯಿಂದ ತಂದ ಮಾಲ್ಟಾದ ಕಡುಬು ಪಸ್ತಿತ್ಸಿಯನ್ನು ಬಿಸಿ ಮಾಡಿದಳು. ಯಾರೂ ಮುಟ್ಟಲಿಲ್ಲ. ಆಗ ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿತು.

"ಸಾಲ್ವು ಅವರೇ, ಹುಷಾರಾಗಿದೀರಾ?"

ಫೀನಾಳ ಕೈಯ ಚಮಚ ನಿಂತಿತು. ಮನೆಗೆ ಬಂದವರನ್ನು ಮಾತಾಡಿಸುವಂತೆ ಸಾಲ್ವು ಪೆಟ್ಟಿಗೆಯ ಕಡೆ ತಿರುಗಿ ನಕ್ಕ. "ಹುಷಾರಾಗಿದೀನಮ್ಮ. ಆರಾಮಾಗಿದೀನಿ."

"ಸಂತೋಷ. ಬೇಕಾದ್ರೆ ಮತ್ತೆ ಒತ್ತಿ."

ದೀಪ ಆರಿತು. ಡೋರಿಸ್ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿ ಗುಂಡಿ ಬೆಚ್ಚಗಿತ್ತು.

ಅವಳು ಅವನ ಮುಂದೆ ಮಂಡಿಯೂರಿದಳು. "ಅಪ್ಪಾ, ಅವತ್ತು ರಾತ್ರೀನೂ ಈ ಹುಡುಗಿ ಕೇಳಿದ್ಲಾ?"

"ಹೂಂ. ಎಷ್ಟು ಸಲ ಕೇಳಿದ್ಲು, ಪಾಪ. ಪ್ರತಿ ಸಲಾನೂ ಹುಷಾರಾಗಿದೀನಿ ಅಂದೆ."

"ಅಮ್ಮ ಒತ್ತಿದ್ದಳು," ಎಂದಳು ಡೋರಿಸ್, ಫೀನಾಳ ಕಡೆ ನೋಡದೆ. ಮತ್ತೆ ಕೇಳಿದಳು, "ಆಗ ಅಮ್ಮ ಏನೂ ಹೇಳಲಿಲ್ವಾ?"

"ಹೇಳ್ತಾನೇ ಇದ್ಲು. ಮೆಲ್ಲಗೆ, ನಮ್ಮ ಮಾತಲ್ಲಿ. ಆ ಹುಡುಗಿಗೆ ಮಾಲ್ಟೀಸ್ ಎಲ್ಲಿ ಬರುತ್ತೆ?"

ಆಮೇಲೆ ಅವನು ಎದ್ದು, ಲೋಟ ಹಿಡಿದು ಸಿಂಕಿನ ಕಡೆ ಹೊರಟ. ಮೇಜಿಗೂ ಒಲೆಗೂ ನಡುವೆ ತಡೆದು ನಿಂತ. ಬರಿಯ ನೆಲದ ಮೇಲೆ ಒಂದು ಕಾಲನ್ನು ಎತ್ತರಕ್ಕೆ ಎತ್ತಿ ಆಚೆ ಇಟ್ಟ. ಫೀನಾಳ ತೋಳು ಹಿಡಿದುಕೊಂಡು, ಏನೂ ತಾಕದಂತೆ, ಇನ್ನೊಂದನ್ನೂ ದಾಟಿಸಿದ.

ಫೀನಾ ತನ್ನ ಪಾದಗಳ ಕಡೆ ನೋಡಿ, ಗೋಡೆಯವರೆಗೂ ಹಿಂದೆ ಸರಿದಳು.